ಮೂರು ವರ್ಷ ಏನ್ ಮಾಡಿದ್ರಿ?

ಮಲಾಡ್
4 ಜೂನ್ 2024

ನಿಶಾತ,

ಶಿವಕುಮಾರಿ ಬರಿಯೋದು. ನಾವೆಲ್ಲ ಆರಾಮ್ ಅದೀವಿ. ನೀನು, ಮುಜಾಹಿದ ಅವರು, ಕೂಸು, ಎಲ್ಲಾರೂ ಆರಾಮ್ ಅದೀರಿ ಅಂತ ತಿಳಕೊಂಡೀನಿ.

ಈ ಕಾಲದಾಗ ಇಕಿ ಕಾಗದ ಯಾಕ ಬರೀತಾಳ ಅಂತ ನಗಬ್ಯಾಡ. ನನ್ನ ಫೋನು ತಮ್ಮನ ಕೈಯಾಗ ಅದ. ಗುರುಪಾದಂದು ಒಡದದ, ಫೋನಿಲ್ಲದ ಅವನ ಡೆಲಿವರಿ ಕೆಲಸ ನಡಿಯಂಗಿಲ್ಲ. ಅದೂ ಅಲ್ಲದ ಈ ಒಂದ್ ಖೋಲಿಯೊಳಗ ನಾ ಹಲೋ ಅಂದ್ರ ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಈ ಕಡಿ ಕಿವಿ ಕೊಡ್ತಾಳ. ನಿನಗ ಹೇಳೋ ಮಾತು ಅವ್ವಗ ಕೇಳಿಸಬಾರದು.

ನಿನ್ನೆ ಅಂಧೇರಿಯೊಳಗ ಒಂದು ಕ್ಲಿನಿಕ್ಕಿಗೆ ಇಂಟರ್ವ್ಯೂಗೆ ಹೋಗಿದ್ದೆ. ಈ ವರ್ಷದಾಗ ಇದು ಮೂರನೇದು. ಕೌಂಟರ್ ಕೆಲಸ, ನನಗ ಬರೂದೇ ಅದು. ಒಬ್ಬಾಕಿ ಹುಡುಗಿ ಕೂತಿದ್ದಳು, ನನಕಿಂತ ಹತ್ತು ವರ್ಷ ಸಣ್ಣಾಕಿ ಇರಬೇಕು. ನನ್ನ ಕಾಗದದ ಮ್ಯಾಲ ಬಟ್ಟು ಇಟ್ಟು ಕೇಳಿದಳು: "2021ರಾಗ ಸಯನ್ ಲ್ಯಾಬ್ ಬಿಟ್ಟೀರಿ. ಈ ಮೂರು ವರ್ಷ ಏನ್ ಮಾಡಿದ್ರಿ?"

"ಮನೀ ಅಡಚಣಿ ಇತ್ತು" ಅಂದೆ.

"ಏನ್ ಅಡಚಣಿ?"

ಮನೀ ಅಡಚಣಿ, ಮನೀ ಅಡಚಣಿ ಅಂತ ಅದನ್ನೇ ಎರಡು ಸಲ ಅಂದೆ. ಆಕಿ ನನ್ನ ಕಾಗದ ತಿರುವಿ ಬೋರಲ ಇಟ್ಟಳು. ಆಮ್ಯಾಲ ಕೇಳಿದ್ದೆಲ್ಲ ಸುಮ್ನ ಕೇಳಬೇಕಂತ ಕೇಳಿದ್ದು.

ನಾವಿಬ್ರೂ ಕೂಡಿ ಲ್ಯಾಬಿನಾಗ ಇದ್ದಾಗ ಆ ಪೇಶಂಟ್ ಕೊರಗಪ್ಪ ಅವರ ರಿಪೋರ್ಟಿನ ಗದ್ದಲ ನನ್ನ ತಲಿ ಮ್ಯಾಲ ಬಂದು ಕೆಲಸ ಹೋತಲ್ಲ, ಅದನ್ನ ಯಾರ ಮುಂದ ಹ್ಯಾಂಗ ಹೇಳ್ಲಿ? ಅವ್ವಗ ಇವತ್ತಿಗೂ ನಾ ಹೇಳಿಲ್ಲ. ಲ್ಯಾಬಿನಾಗ ಮಂದಿ ಕಡಿಮಿ ಮಾಡಿದ್ರು ಅಂತ ನಂಬಿಕೊಂಡಾಳ. ಮೂರು ವರ್ಷದಿಂದ ಇಬ್ಬರೂ ಕೂಡಿ ಬಿಲ್ಡಿಂಗಿನವರಿಗೆ ರೊಟ್ಟಿ ಮಾಡಿ ಕೊಡ್ತೀವಿ. ಅವ್ವನ ಮೊಣಕೈ ಈಗ ಮಡಿಚಲಿಕ್ಕೆ ಬರವಲ್ದು.

ನೀ ಈಗ ಆ ಕಡಿ ಕುರ್ಚಿ ಮ್ಯಾಲ ಕೂಡಾಕಿ. ಮಂದಿನ್ನ ಕೆಲಸಕ್ಕ ತಗೊಳ್ಳಾಕಿ. ನೀ ಹೇಳು, ನೀವು ಏನ್ ನೋಡ್ತೀರಿ? ಬಂದವರ ಮಾರಿಯೊಳಗ ಏನ್ ಹುಡುಕ್ತೀರಿ?

ಶಿವಕುಮಾರಿ


ವಿಜಯಪುರ
13 ಜೂನ್ 2024

ಪ್ರೀತಿಯ ಶಿವಿ,

ನಿನ್ನ ಪತ್ರ ನೋಡಿ ನನಗೆ ನಗು ಬರಲಿಲ್ಲ, ಖುಷಿಯಾಯಿತು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಪತ್ರಲೇಖನ ಕಲಿತದ್ದು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು. ನಮ್ಮ ಲ್ಯಾಬಿನಲ್ಲೂ ಫೋನನ್ನು ಹೊರಗೆ ಕಪಾಟಿನಲ್ಲಿಟ್ಟು ಒಳಗೆ ಬರಬೇಕು. ಮನೆಗೆ ಹೋದರೆ ಕೂಸು ಬಿಡುವುದಿಲ್ಲ. ನೀನು ಪತ್ರವನ್ನೇ ಬರಿ.

ಈಗ ನಿನ್ನ ಪ್ರಶ್ನೆ. ಹೋದ ತಿಂಗಳು ನಾನು ಮತ್ತು ನಮ್ಮ ದೊಡ್ಡ ಡಾಕ್ಟರು ಕೂತು ಹದಿನಾಲ್ಕು ಜನರನ್ನು ನೋಡಿದೆವು. ನಿಜ ಹೇಳಲಾ? ಅರ್ಧ ಜನರು ನಾವು ಕೇಳಿದ್ದಕ್ಕೆ ಉತ್ತರ ಹೇಳುವುದಿಲ್ಲ, ಮನೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಹೇಳುತ್ತಾರೆ. ಒಬ್ಬ ಹುಡುಗನಿಗೆ "ಬಸ್ ಸಿಕ್ಕಿತಾ?" ಅಂತ ಕೇಳಿದರೆ "ನಾನು ಕಷ್ಟಪಟ್ಟು ದುಡಿಯುವ ಸ್ವಭಾವದವನು" ಅಂದ. ಕೇಳಿಸಿಕೊಂಡು ಉತ್ತರಿಸುವವರು ನಮಗೆ ಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವರು ಬೇಕು. ನಾಳೆ ರೋಗಿ ಕೂಗಾಡಿದರೆ ಈಕೆ ತಡೆದುಕೊಂಡಾಳೇ ಅಂತ ನಾನು ಒಳಗೊಳಗೇ ಅಳೆಯುತ್ತಿರುತ್ತೇನೆ. ನೀನು ಆರು ವರ್ಷ ಸಯನ್‌ನ ಆ ಗದ್ದಲ ತಡೆದವಳು, ನಿನಗೆ ಭಯ ಯಾಕೆ?

ಕೆಲಸ ಬಿಟ್ಟದ್ದಕ್ಕೆ "ಅಡಚಣೆ" ಅಂತ ಮೊಗಮ್ಮಾಗಿ ಹೇಳಬೇಡ. ತಾಯಿಗೆ ಆರೋಗ್ಯ ಇರಲಿಲ್ಲ, ಈಗ ಸುಧಾರಿಸಿದ್ದಾರೆ ಅನ್ನು. ಯಾರೂ ಮುಂದೆ ಕೇಳುವುದಿಲ್ಲ. ಕೊರಗಪ್ಪನವರ ಹೆಸರು ಮಾತ್ರ ಎತ್ತಬೇಡ. ಎತ್ತುವ ಅಗತ್ಯವೇ ಇಲ್ಲ. ಆ ಹಳೇ ಲ್ಯಾಬಿಗೆ ಯಾರೂ ಫೋನ್ ಮಾಡುವುದೂ ಇಲ್ಲ. ಅದು ಮುಗಿದ ಮಾತು.

ಅಮ್ಮೀ ನಿನ್ನನ್ನು ಕೇಳುತ್ತಿದ್ದಳು.

ನಿನ್ನ
ನಿಶಾತ


ಮಲಾಡ್
24 ಜೂನ್ 2024

ನಿಶಾತ,

ನೀ ಹೇಳಿದ್ಹಂಗ ಮಾಡಿದೆ. ಏನಾತು ಕೇಳು.

ಶನಿವಾರ ಗ್ರಾಂಟ್ ರೋಡಿನಾಗ ಒಂದು ಪಾಲಿಕ್ಲಿನಿಕ್ಕಿಗೆ ಕರದಿದ್ರು. ಅವ್ವ ನಾನೂ ಬರ್ತೀನಿ ಅಂದಳು, ಆಕಿಗೆ ಅಲ್ಲಿ ಹೊಸ ಹೆಂಚು ತಗೊಳ್ಳೋದಿತ್ತು. ನೀ ಹೊರಗ ಬಜಾರದಾಗ ಇರು, ನಾ ಮುಗಿಸಿ ಬರ್ತೀನಿ ಅಂತ ಹೇಳಿ ಒಳಗ ಹೋದೆ.

ಕೂತಿದ್ದವರು ವಯಸ್ಸಾದ ಡಾಕ್ಟರು, ಭಾಳ ಸಮಾಧಾನದ ಮನುಷ್ಯಾ. ಕೆಲಸ ಯಾಕ ಬಿಟ್ರಿ ಅಂದ್ರು. ತಾಯಿಗೆ ಆರೋಗ್ಯ ಇರಲಿಲ್ಲ ಅಂದೆ.

"ಅರೆರೆ. ಏನಾಗಿತ್ತು?"

ಡಾಕ್ಟರು ಕೇಳೇ ಕೇಳ್ತಾರ ಅಂತ ನಿನಗೂ ಹೊಳಿಲಿಲ್ಲ, ನನಗೂ ಹೊಳಿಲಿಲ್ಲ ನೋಡು! ಬಿಪಿ ಅಂದೆ. ಯಾವ ಗುಳಿಗಿ ಅಂದ್ರು. ಬಿಳೀ ಗುಳಿಗಿ ಅಂದೆ. "ಮೂರು ವರ್ಷ ನೋಡಿಕೊಂಡೀರಿ, ಗುಳಿಗಿ ಹೆಸರು ಗೊತ್ತಿಲ್ಲೇನು?" ಅಂದ್ರು. ಸಿಟ್ಟಿಲ್ಲದ ಅಂದ್ರು, ಅದಕ್ಕೇ ಇನ್ನಷ್ಟು ನಾಚಿಕಿ ಆತು. ಅಷ್ಟರಾಗ ಬಾಗಿಲು ತಗೀತು. ಅವ್ವ! ತಲಿ ಮ್ಯಾಲ ಕಬ್ಬಿಣದ ಹೆಂಚು, ಕೈಯಾಗ ನನ್ನ ನೀರಿನ ಬಾಟ್ಲಿ. ಎರಡು ಮಜಲಾ ಜಿನೆ, ಅಷ್ಟೂ ಮೆಟ್ಟಲಾ ಒಂದೇ ಉಸುರಿಗೆ ಹತ್ತಿ ಬಂದಾಳ. "ಬಿಸಲಾಗ ನೀರು ಬಿಟ್ಟು ಬಂದೀ" ಅಂತ ಮೇಜಿನ ಮ್ಯಾಲ ಬಾಟ್ಲಿ ಇಟ್ಟಳು.

ಡಾಕ್ಟರು ಆಕಿನ್ನ ನೋಡಿದ್ರು, ನನ್ನ ನೋಡಿದ್ರು. "ತಾಯಿಯವರೇನು? ನಮಸ್ಕಾರ. ಈಗ ಬಿಪಿ ಹ್ಯಾಂಗದ?"

"ನನಗೆಲ್ಲೀ ಬಿಪಿ?" ಅಂದಳು ಅವ್ವ.

ಲೋಕಲ್‌ನಾಗ ಮಲಾಡ್ ಬರೋ ತನಕ ಅವ್ವ ಹೆಂಚು ತೊಡಿ ಮ್ಯಾಲ ಇಟ್ಟುಕೊಂಡು ಕೂತಳು. ಇಳದ ಮ್ಯಾಲ ಪ್ಲಾಟ್‌ಫಾರ್ಮಿನಾಗ ನಿಂತು ಅಂದಳು, "ನನ್ನ ಯಾಕ ರೋಗಿ ಮಾಡಿದಿ? ಖರೇ ಮಾತು ಅಷ್ಟು ಹೊಲಸ ಅದ ಏನು?" ಅಂಥಾದ್ದೇನಿಲ್ಲ ಅಂದೆ. ಆಕಿ ನಂಬಲಿಲ್ಲ. ನನ್ನ ಮಾರಿ ನೋಡಿದ್ರ ಯಾರೂ ನಂಬಂಗಿಲ್ಲ.

ನನಗ ಸುಳ್ಳು ಬರವಲ್ದು ನಿಶಾತ. ಖರೇ ಹೇಳಿಬಿಟ್ರ ಏನಾಗ್ತದ? ಆದದ್ದನ್ನ ಆದಂಗ ಹೇಳೋದು. ಕೆಲಸ ಕೊಡದಿದ್ರ ಬ್ಯಾಡ. ನೀ ಆ ಕುರ್ಚಿಯಾಗ ಇದ್ದಿದ್ರ ನನ್ನಂಥಾಕಿನ್ನ ತಗೋತಿದ್ದಿಲ್ಲೇನು?

ಶಿವಕುಮಾರಿ


ವಿಜಯಪುರ
2 ಜುಲೈ 2024

ಶಿವಿ,

ಬೇಡ. ಖಂಡಿತ ಬೇಡ.

ಆಸ್ಪತ್ರೆಯವರ ಮುಂದೆ "ನನ್ನ ಕೈಯಿಂದ ರಿಪೋರ್ಟ್ ತಪ್ಪಾಯಿತು" ಅಂದರೆ ಅವರಿಗೆ ಮುಂದಿನ ಮಾತು ಕೇಳಿಸುವುದೇ ಇಲ್ಲ. ಹೋದ ಸಲ ನಮ್ಮ ಹತ್ತಿರವೂ ಒಬ್ಬಳು ಬಂದಿದ್ದಳು. ಹಿಂದಿನ ಕಡೆ ತನ್ನಿಂದ ಆದ ತಪ್ಪನ್ನು ತಾನಾಗಿಯೇ ಹೇಳಿದಳು. ಅವಳ ಅರ್ಜಿಯನ್ನು ತೆಗೆದು ಕೆಳಗಿಟ್ಟವಳು ನಾನೇ. ಡಾಕ್ಟರು ಇನ್ನೊಂದು ಸಲ ಯೋಚಿಸೋಣ ಅಂದರು. ನಾನು ಬೇಡ ಅಂದೆ. ಆ ಕುರ್ಚಿಯ ಮಾತು ಹೀಗಿರುತ್ತದೆ.

ಮೂರು ವರ್ಷದ ಹಿಂದಿನದನ್ನು ಕೆದಕಿ ಯಾರಿಗೆ ಏನು ಸಿಗಬೇಕು? ಬೇರೆ ಕಾರಣ ಹುಡುಕು. ಮದುವೆ ಮಾತುಕತೆ ನಡೆದಿತ್ತು ಅನ್ನು.

ಇಲ್ಲಿ ಕೆಲಸ ವಿಪರೀತ. ಆಮೇಲೆ ಬರೆಯುತ್ತೇನೆ.

ನಿಶಾತ


ಮಲಾಡ್
14 ಜುಲೈ 2024

ನಿಶಾತ,

ನಿನ್ನ ಕಾಗದ ಭಾಳ ಸಣ್ಣದಿತ್ತು. ಸಿಟ್ಟಿನಾಗ ಬರದೀಯೇನೋ ಅನಸ್ತು. ಕೆಲಸದ ಅವಸರ ಇರಬೇಕು ಅಂದ್ಕೊಂಡೆ.

ಇಲ್ಲೇ ಮಲಾಡಿನ ಒಂದು ಆಸ್ಪತ್ರಿಯಿಂದ ಕರೆ ಬಂದದ. ರಕ್ತ, ಮೂತ್ರ, ಎಲ್ಲಾ ಸ್ಯಾಂಪಲ್ ತಗೊಂಡು ಚೀಟಿ ನೋಡಿ ಒಳಗ ಕಳಸೋ ಕೌಂಟರ್. ಮನಿಯಿಂದ ನಡಕೊಂಡು ಹೋಗೋ ದಾರಿ. ಇದೇ 29ಕ್ಕ ಇಂಟರ್ವ್ಯೂ. ಅವರು ಕೊಟ್ಟ ಫಾರ್ಮಿನಾಗ ಹಿಂದಿನ ಕೆಲಸದ ಜಾಗಾ, ಅಲ್ಲಿನ ಫೋನ್ ನಂಬರ್, ಬಿಟ್ಟ ಕಾರಣ, ಎಲ್ಲಾ ಬರೀಬೇಕು. ನಾವೇ ಫೋನ್ ಮಾಡಿ ವಿಚಾರಸ್ತೀವಿ ಅಂತ ಕೆಳಗ ಬರದದ. ಫಾರ್ಮು ಮೂರು ದಿನ ಹಂಗೇ ಇತ್ತು. ಪೆನ್ ಹಿಡಿತಿದ್ದೆ, ಮತ್ತ ಕೆಳಗ ಇಡ್ತಿದ್ದೆ. ಅವ್ವ ನೋಡಿ, "ನೀ ರೊಟ್ಟಿನೇ ಬಡಿ ತಾಯಿ, ಈ ಜೀವಾ ತಿನ್ನೋದು ಬ್ಯಾಡ" ಅಂದಳು.

ಕಡೀಕ ಸಯನ್‌ಗೆ ಹೋದೆ. ಹಳೇ ಲ್ಯಾಬಿನಾಗ ಮಾಲಕರು ಇರಲಿಲ್ಲ. ಹೊಸ ಮ್ಯಾನೇಜರ್ ನಾ ಸೇರಿದ ತಾರೀಖು, ಬಿಟ್ಟ ತಾರೀಖು ಬರದು ಸಿಕ್ಕಾ ಹೊಡದು ಕೊಟ್ಟ. ಹೊರಗ ಬಂದೆ. ಸ್ಟೇಷನ್ ಕಡಿ ತಿರಗಬೇಕಾದ ಕಾಲು ಆ ಕಡಿ ತಿರಗಲಿಲ್ಲ. ಕೊರಗಪ್ಪ ಅವರ ಬಿಲ್ಡಿಂಗು ನನಗ ಗೊತ್ತು, ಆರು ವರ್ಷ ಅವರ ಪತ್ತಾ ನಾನೇ ಬರದೀನಿ.

ಅವರೇ ಬಾಗಿಲು ತಗದ್ರು. ಒಂದು ಕಣ್ಣು ಪೂರಾ ಹೋಗ್ಯದ ನಿಶಾತ. ಗ್ರಾಂಟ್ ರೋಡಿನ ಹೋಟೆಲ್‌ನಾಗ ಮೂವತ್ತು ವರ್ಷ ಅಡಗಿ ಮಾಡಿದ ಮನುಷ್ಯಾ, ಈಗ ಮಗಳು ಒಲಿ ಹತ್ರ ಬಿಡಂಗಿಲ್ಲಂತ. ನನ್ನ ಧ್ವನಿ ಕೇಳಿ ಗುರತು ಹಿಡದ್ರು.

"ಓ, ಕೌಂಟರಿನ ಹುಡುಗಿ ಅಲ್ವಾ ನೀನು? ಬಾ, ಕೂತ್ಕೋ. ಆ ಲ್ಯಾಬಿನವರು ಒಬ್ರೂ ಈ ಕಡೆ ಬರ್ಲಿಲ್ಲ ಮಾರಾಯ್ತಿ. ನಂಗೆ ಆದದ್ದು ಎಂತದ್ದು ಅಂತ ನಿಂಗೆ ಗೊತ್ತುಂಟಾ? ಮಗಳು ಹೋಗಿ ಕೇಳಿದ್ರೆ ಮಾತ್ರೆ ಮೈಗೆ ಹಿಡಿಸ್ಲಿಲ್ಲ ಅಂದ್ರಂತೆ. ಆರು ವರ್ಷ ಹಿಡಿಸಿದ ಮಾತ್ರೆ ಆವತ್ತು ಎಂತಕ್ಕೆ ಹಿಡಿಸ್ಲಿಲ್ಲ?"

ಅವರಿಗೆ ಇಷ್ಟು ದಿನ ಯಾರೂ ಏನೂ ಹೇಳಿಲ್ಲ. ರಿಪೋರ್ಟ್ ತಪ್ಪಿತ್ತು ಅನ್ನೋದೇ ಗೊತ್ತಿಲ್ಲ. ನನ್ನ ಕೆಲಸ ಹೋದದ್ದೂ ಗೊತ್ತಿಲ್ಲ.

ನಾ ಹೇಳಿದೆ. ನಿನಗ ಹೇಳದೇ ಇದ್ದದ್ದನ್ನೂ ಹೇಳಿದೆ. ಆ ದಿನ ಅವರ ರಿಪೋರ್ಟ್ ಲಕೋಟೆಗೆ ಹಾಕೋವಾಗ ನಾ ನೋಡಿದ್ದೆ. ರಕ್ತ ಎಷ್ಟು ತೆಳು ಅದ ಅನ್ನೋ ಅಂಕಿ ಪ್ರತಿ ಸಲ ಮೂರರ ಸಮೀಪ ಇರ್ತಿತ್ತು, ಆ ದಿನ ಒಂದಕ್ಕ ಇಳದಿತ್ತು. ಒಳಗ ಹೋಗಿ ಒಮ್ಮೆ ಕೇಳಬೇಕು ಅಂತ ಮನಸಿಗೆ ಬಂದಿತ್ತು. ಕೊರೊನಾ ಎರಡನೇ ಅಲೆಯ ದಿನಗಳು ಅವು, ನಿನಗ ನೆನಪಿರಬೇಕು, ಬಾಗಲ ತನಕ ಲೈನ್ ನಿಂತಿತ್ತು, ಮಂದಿ ಒದರ್ತಿದ್ರು. ನಾ ಎದ್ದು ಹೋಗಲಿಲ್ಲ. ಆ ಅಂಕಿ ನೋಡಿ ಅವರ ಡಾಕ್ಟರು ರಕ್ತ ತೆಳು ಮಾಡೋ ಗುಳಿಗಿ ಜಾಸ್ತಿ ಮಾಡಿದ್ರು, ಕಣ್ಣಾಗ ರಕ್ತ ಒಡೀತು.

ಕೊರಗಪ್ಪ ಅವರು "ಅಂಕಿ ಹೇಗೆ ಬದಲಾಯ್ತು?" ಅಂದ್ರು.

ಅದು ನಾ ಹೇಳೋ ಮಾತಲ್ಲ ಅಂದೆ.

ಶಿವಕುಮಾರಿ


ಮಲಾಡ್
23 ಜುಲೈ 2024

ನಿಶಾತ,

ಹೋದ ಕಾಗದಕ್ಕ ನಿನ್ನ ಉತ್ತರ ಬರಲಿಲ್ಲ. ದಿನಾ ಮಧ್ಯಾಹ್ನ ಪೋಸ್ಟಿನವ ಬರೋ ಹೊತ್ತಿಗೆ ಕೆಳಗ ಹೋಗಿ ನಿಂದರ್ತೀನಿ. ಸಿಟ್ಟಾಗೀಯೇನು? ಕೊರಗಪ್ಪ ಅವರ ಮನಿಗೆ ನಾ ಹೋಗಬಾರದಿತ್ತೇನು?

29ರ ಇಂಟರ್ವ್ಯೂ ಸಮೀಪ ಬಂತು. ಫಾರ್ಮಿನಾಗ ಬಿಟ್ಟ ಕಾರಣ ಅನ್ನೋ ಜಾಗಾ ಖಾಲಿ ಬಿಟ್ಟೀನಿ. ಬಾಯಿಲೆ ಹೇಳೋದು ಅಂತ ಮಾಡೀನಿ. ಏನ್ ಹೇಳ್ತೀನೋ ಇನ್ನಾ ನನಗೇ ಗೊತ್ತಿಲ್ಲ.

ಒಂದು ಮಾತು. ನಿನ್ನ ಹೆಸರು ನಾ ಎಲ್ಲೂ ತಗದಿಲ್ಲ, ತಗಿಯಂಗೂ ಇಲ್ಲ. ಅದಕ್ಕಂತ ನೀ ಬರಿಯೋದು ನಿಲ್ಲಸಬ್ಯಾಡ.

ಶಿವಕುಮಾರಿ


ವಿಜಯಪುರ
27 ಜುಲೈ 2024

ಶಿವಿ,

ನಿನ್ನ ಎರಡೂ ಪತ್ರಗಳು ಎದುರಿಗಿವೆ. ಕೊರಗಪ್ಪನವರ ಮನೆಯ ಪತ್ರ ಬಂದ ದಿನದಿಂದ ಐದು ಸಲ ಉತ್ತರ ಬರೆಯಲು ಕೂತು ಹರಿದು ಹಾಕಿದೆ. ನಿನ್ನೆ ಬಂದದ್ದರಲ್ಲಿ "ನಿನ್ನ ಹೆಸರು ತಗದಿಲ್ಲ" ಅಂತ ಬರೆದಿದ್ದೀ. ಹಾಗಾದರೆ ನಿನಗೆ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತು ಶಿವಿ?

ಹೇಳಿಬಿಡುತ್ತೇನೆ. ಶಾಲೆಯ ಕನ್ನಡದಾಗ ಇದನ್ನ ಬರಿಯಾಕ ಆಗವಲ್ದು, ನಾವಿಬ್ರೂ ಮಾತಾಡೋ ಹಂಗನ ಬರೀತೀನಿ.

ಆ ದಿನ ಮುಂಜಾನೆ ರಕ್ತ ತಗಿಯೋ ಮೊದಲೇ ನಾ ಖಾಲಿ ಟ್ಯೂಬಿಗೆ ಹೆಸರಿನ ಚೀಟಿ ಹಚ್ಚಿ ಇಟ್ಟಿದ್ದೆ. ಹಚ್ಚಬಾರದು. ಹಚ್ಚಬಾರದಂತ ಈಗ ನನ್ನ ಕೈಕೆಳಗಿನ ಹುಡುಗ್ಯಾರಿಗೆ ದಿನಾ ಹೇಳ್ತೀನಿ. ಅವತ್ತು ಗದ್ದಲ ಭಾಳ ಇತ್ತು, ಕೆಲಸ ಜಲ್ದಿ ಆಗ್ತದ ಅಂತ ಹಚ್ಚಿದ್ದೆ. ಅಷ್ಟರಾಗ ಅಮ್ಮೀ ಫೋನ್ ಬಂತು, ನಿಖಾದ ಮಾತು, ಎಷ್ಟು ಮಂದಿನ್ನ ಕರಿಯಾಕ ಪರವಾನಗಿ ಅದ ಅಂತ. ಫೋನು ಕಿವಿಗೆ ಹಿಡಕೊಂಡೇ ಒಬ್ಬರಾದ ಮ್ಯಾಲ ಒಬ್ಬರದು ರಕ್ತ ತಗದೆ. ಎರಡು ಟ್ಯೂಬು ಅದಲ ಬದಲ ಆದುವು. ಎರಡು ವಾರದ ಮ್ಯಾಲ ಕೊರಗಪ್ಪ ಅವರ ಮಗಳು ಬಂದು ಅಳ್ತಾ ನಿಂತಾಗ ನನಗ ತಿಳೀತು.

ಮಾಲಕರು ನಿನ್ನ ಕರದು, "ಕೌಂಟರಿನಾಗ ಲಕೋಟೆ ಬದಲಾಗ್ಯದ, ನಿನ್ನ ತಪ್ಪು" ಅಂತ ಬೈಯುವಾಗ ನಾ ಸ್ಯಾಂಪಲ್ ರೂಮಿನ ಬಾಗಲ ಹಿಂದೇ ಇದ್ದೆ. ನೀ ಒಂದೂ ಮಾತು ಆಡಲಿಲ್ಲ. ನಾ ನಳಾ ತಿರುವಿ ಕೈ ತೊಳಕೊಂಡು ನಿಂತೆ. ನೀರಿನ ಸಪ್ಪಳದಾಗ ಬೈಗಳ ಕೇಳಿಸಬಾರದಂತ.

ಒಂದು ವಾರಕ್ಕ ನನ್ನ ನಿಖಾ ಆತು. ಅದಕ್ಕ ನೀನೂ ಬಂದಿದ್ದಿ. ನನ್ನ ಕೈಗೆ ಮೆಹಂದಿ ಹಚ್ಚಿದ್ದಿ.

ತಾಯಿಗೆ ಆರಾಮಿಲ್ಲಂತ ಹೇಳು, ಮದುವಿ ಮಾತಿತ್ತಂತ ಹೇಳು ಅಂದೆನಲ್ಲ, ಅದು ನಿನ್ನ ಸಲುವಾಗಿ ಅಲ್ಲ. ಆ ಹುಡುಗಿ ಅರ್ಜಿ ಕೆಳಗಿಟ್ಟೆ ಅಂತ ಬರದೆನಲ್ಲ. ಆಕಿಗೆ ಕೆಲಸ ಬರ್ತಿತ್ತು. ಆಕಿ ಮಾರಿ ನೋಡಾಕ ನನಗ ಆಗಲಿಲ್ಲ, ಅಷ್ಟೇ.

ಈ ಕಾಗದ ಯಾರಿಗೆ ಬೇಕಾದ್ರೂ ತೋರ್ಸು. ಇಂಟರ್ವ್ಯೂ ಮಾಡೋರ ಕೈಗೆ ಕೊಡು. ಕೆಳಗ ನನ್ನ ಪೂರಾ ಹೆಸರು, ಆಸ್ಪತ್ರಿ ಪತ್ತಾ ಬರದೀನಿ. ನಾಳೆ ಸ್ಪೀಡ್ ಪೋಸ್ಟಿಗೆ ಹಾಕ್ತೀನಿ. 29ಕ್ಕ ಮುಟ್ಟಂಗಿಲ್ಲಂತ ಗೊತ್ತದ.

ನಿಶಾತ


ಮಲಾಡ್
29 ಜುಲೈ 2024, ಸಂಜಿ

ನಿಶಾತ,

ಈಗ ಬಂದೆ. ಸೀರಿ ಸುದ್ದಾ ಬಿಚ್ಚಿಲ್ಲ, ಜಿನೆ ಮ್ಯಾಲ ಕೂತು ಬರೀತೀನಿ.

ಮೂರು ಮಂದಿ ಕೂತಿದ್ರು. ನಡುವ ಕೂತಾಕಿ ಶೀತಲ್ ಮೇಡಂ, ಲ್ಯಾಬಿನ ದೊಡ್ಡಾಕಿ. ಮೊದಲ ಪ್ರಶ್ನೆನೇ ಅದು. "ಕಾರಣದ ಜಾಗಾ ಖಾಲಿ ಅದಲ್ಲ?"

"ಕೆಲಸ ನಾ ಬಿಡಲಿಲ್ಲ, ತಗದ್ರು" ಅಂದೆ. ಹಿಂದಿಯೊಳಗ ಹೇಳಾಕತ್ತಿದ್ದು, ನಡುವ ಮರಾಠಿ ಬಂತು, ಒಂದೆರಡು ಕಡಿ ಕನ್ನಡನೂ ಬಂತು. ಅಂಕಿ ನೋಡಿದ್ದು, ಅನುಮಾನ ಬಂದದ್ದು, ಕೇಳದೇ ಕೂತದ್ದು, ಅವರ ಕಣ್ಣು ಹೋದದ್ದು, ಎಲ್ಲಾ ಹೇಳಿದೆ. ಬಾಜೂಕ ಕೂತವರು ಬರಿಯೋದು ನಿಲ್ಲಿಸಿದ್ರು.

"ಅಂಕಿ ತಪ್ಪು ಬಂದದ್ದು ಕೌಂಟರಿನಾಗ ಅಲ್ಲಲ್ಲ. ಯಾರು ಮಾಡಿದ್ರು?" ಅಂದ್ರು ಶೀತಲ್ ಮೇಡಂ.

"ನಾ ಅಲ್ಲಿ ಇರಲಿಲ್ಲ ಮೇಡಂ. ನಾ ಇದ್ದ ಜಾಗಾದಾಗ ಆದದ್ದು ಹೇಳೀನಿ."

ಅವರು ಮುಂದ ಕೇಳಲಿಲ್ಲ. ಎದ್ದು ನನ್ನ ಇನ್ನೊಂದು ಖೋಲಿಗೆ ಕರಕೊಂಡು ಹೋದ್ರು. ಒಂದು ಟ್ರೇ ತುಂಬ ಟ್ಯೂಬು, ಒಂದು ಕಟ್ಟು ಚೀಟಿ. ಹತ್ತು ನಿಮಿಷದಾಗ ನೋಡಿ ಒಳಗ ಕಳಸು ಅಂದ್ರು. ಕಿಟಕಿ ಆ ಕಡಿ ನಾಲ್ಕು ಮಂದಿ ಸ್ಟಾಫಿನವರನ್ನೇ ನಿಲ್ಲಿಸಿ, ರೋಗಿಗಳ ಹಂಗ ಒದರಾಕ ಹಚ್ಚಿದ್ರು. ಜಲ್ದೀ ಕರೋ, ಜಲ್ದೀ ಕರೋ ಅಂತ ಗಾಜು ಬಡೀತಿದ್ರು. ನನಗ ಸಯನ್ ಕಣ್ಣ ಮುಂದ ಬಂತು. ಏಳನೇ ಟ್ಯೂಬಿನಾಗ ವಯಸ್ಸು ಅರವತ್ತೊಂದು, ಚೀಟಿಯಾಗ ಹದಿನಾರು. ನಾ ಕೈ ಬಿಟ್ಟು ಎದ್ದೆ. "ಇದು ಹೊಂದವಲ್ದು. ಕೇಳೋ ತನಕ ನಾ ಮುಂದಿಂದು ಮುಟ್ಟಂಗಿಲ್ಲ" ಅಂದೆ. ಹತ್ತು ನಿಮಿಷ ಮುಗೀತು. ಮೂರು ಟ್ಯೂಬು ಹಂಗೇ ಉಳದುವು.

ತಿಳಸ್ತೀವಿ ಅಂದ್ರು. ಮಾರಿ ನೋಡಿ ಏನೂ ತಿಳಿಲಿಲ್ಲ.

ಈಗ ನಿನಗೊಂದು ಹೇಳ್ತೀನಿ. ಟ್ಯೂಬು ಬದಲಾದದ್ದು ನಿನ್ನ ಕೈಯಾಗ ಅಂತ ಕೆಲಸ ಹೋದ ದಿನನೇ ನನಗ ತಿಳದಿತ್ತು. ಲಕೋಟೆ ನಾ ಸರಿ ಹಾಕಿದ್ದೆ. ನಿನ್ನ ನಿಖಾ ವಾರದ ಮ್ಯಾಲ ಇತ್ತು, ಸುಮ್ನಾದೆ. ಆಮ್ಯಾಲ ಹೇಳಿದ್ರ ನೀ ದೂರ ಆಗ್ತೀ ಅಂತ ಅಂಜಿಕಿ ಬಂತು. ನಿನ್ನ ಬಿಟ್ರ ನನಗ ಯಾರದಾರ ಈ ಊರಾಗ? ನೀನೂ ಈ ಊರಾಗಿಲ್ಲ.

ಶಿವಕುಮಾರಿ


ಮಲಾಡ್
9 ಆಗಸ್ಟ್ 2024

ನಿಶಾತ,

ನಿನ್ನ 27ರ ಕಾಗದ ಒಂದನೇ ತಾರೀಖಿಗೆ ಬಂತು. ಮಲಾಡ್ ಸ್ಟೇಷನ್ನಿನ ಬೆಂಚಿನ ಮ್ಯಾಲ ಕೂತು ಓದಿದೆ. ಎಂಟು ದಿನ ಬರೀಲಿಲ್ಲ. ಆಗಲೇ ಬರಿಯಾಕ ಕೂತಿದ್ರ ಕೆಟ್ಟದ್ದು ಬರೀತಿದ್ದೆ.

ನೀ ಮಾಡೀ ಅಂತ ನನಗ ಗೊತ್ತಿತ್ತು. ಆದ್ರ ನೀ ಬಾಗಲ ಹಿಂದೇ ನಿಂತಿದ್ದಿ ಅಂತ ಗೊತ್ತಿರಲಿಲ್ಲ. ನಳಾ ಬಿಟ್ಟದ್ದು ಗೊತ್ತಿರಲಿಲ್ಲ. ನೀ ಅವತ್ತು ಎಲ್ಲೋ ಹೊರಗ ಹೋಗೀ, ನಿನಗ ಕೇಳಿಸಿಲ್ಲ ಅಂತ ಮೂರು ವರ್ಷ ಅಂದ್ಕೊಂಡಿದ್ದೆ. ಅದರ ಮ್ಯಾಲ ನಾ ನಿನ್ನ ಮಾಫ್ ಮಾಡಿದ್ದೆ. ಈಗ ಮತ್ತ ಹೊಸದಾಗಿ ಮಾಡಬೇಕಾಗ್ಯದ. ಸಿಟ್ಟು ಅದ. ಸುಳ್ಳು ಹೇಳಂಗಿಲ್ಲ.

ಕೆಲಸ ಆತು. ಶೀತಲ್ ಮೇಡಂ ಫೋನ್ ಮಾಡಿದಾಗ ಗುರುಪಾದ ಯಾವುದೋ ಬಿಲ್ಡಿಂಗಿನ ಲಿಫ್ಟಿನಾಗ ಇದ್ದನಂತ, "ಆರ್ಡರ್ ತಂದೀನಿ ಮೇಡಂ, ಎರಡು ನಿಮಿಷ" ಅಂದನಂತ. ಅವರು ನಕ್ಕು ಮತ್ತೊಮ್ಮೆ ಮಾಡಿದ್ರು. ಮೂರು ತಿಂಗಳು ನೋಡಿ ಆಮ್ಯಾಲ ಕಾಯಂ ಮಾಡ್ತಾರ. ಅವ್ವಗ ಕೂಡಿಸಿಕೊಂಡು ಎಲ್ಲಾ ಹೇಳಿದೆ. ಆಕಿ ಅತ್ತಳು, ಆಮ್ಯಾಲ "ನನಗ ಮೊದಲೇ ಹೇಳಿದ್ರ ಬಿಪಿ ಅಂತ ನಾನೂ ಹೇಳ್ತಿದ್ದೆ" ಅಂದಳು.

ಮೊದಲ ದಿನ ಮೇಡಂಗ ಕೇಳಿದೆ, ನನ್ನ ಯಾಕ ತಗೊಂಡ್ರಿ ಅಂತ. ಖರೇ ಹೇಳಿದ್ದಕ್ಕೇನು ಅಂದೆ. "ಅಲ್ಲ. ಬರೇ ಅದಕ್ಕ ತಗೊಂಡ್ರ ಆಸ್ಪತ್ರಿ ನಡೀತದೇನು? ಇಂಟರ್ವ್ಯೂಗೆ ಬಂದ ಎಂಟು ಮಂದಿ ಆ ಏಳನೇ ಟ್ಯೂಬು ನೋಡಿದ್ರು. ಐದು ಮಂದಿಗೆ ಫರಕ ಕಂಡಿತ್ತು. ಮಂದಿ ಒದರ್ತಿದ್ದಾಗ ಕೈ ನಿಲ್ಲಿಸಿ ಕೇಳಿದಾಕಿ ನೀ ಒಬ್ಬಾಕಿ" ಅಂದ್ರು.

ನಿನ್ನ ಕಾಗದ ಯಾರಿಗೂ ತೋರ್ಸಿಲ್ಲ. ಅದು ಆಸ್ಪತ್ರಿಯವರಿಗೆ ಬೇಕಾದ ಕಾಗದ ಅಲ್ಲ. ಬೇಕಾದವರು ಸಯನ್‌ನಾಗ ಅದಾರ. ಅಂಕಿ ಹ್ಯಾಂಗ ಬದಲಾತು ಅಂತ ಅವರು ಇನ್ನಾ ಕೇಳಾಕತ್ಯಾರ. ನೀ ಬಂದು ಹೇಳ್ತೀಯೇನು?

ಶಿವಕುಮಾರಿ


ವಿಜಯಪುರ
18 ಆಗಸ್ಟ್ 2024

ಶಿವಿ,

ಬರ್ತೀನಿ. ಸೆಪ್ಟೆಂಬರ್ ಒಂದಕ್ಕ, ಭಾನುವಾರ. ಟಿಕೆಟ್ ಆಗ್ಯದ.

ಮುಜಾಹಿದರಿಗೆ ಹೇಳಿದೆ. ಅವರು ಎದ್ದು ಹೋಗಿ ಟಿಕೆಟ್ ತಾವೇ ತಗಿಸಿ ತಂದ್ರು. ನಮ್ಮ ದೊಡ್ಡ ಡಾಕ್ಟರಿಗೂ ಹೇಳಿದೆ. ಅವರು ಎಲ್ಲಾ ಬರದು ಕೊಡು ಅಂದ್ರು. ಇನ್‌ಚಾರ್ಜ್ ಕೆಲಸ ಸದ್ಯ ಇನ್ನೊಬ್ಬರಿಗೆ ಕೊಟ್ಟಾರ, ನಾ ಮತ್ತ ರಕ್ತ ತಗಿಯೋ ಕೆಲಸಕ್ಕ ಬಂದೀನಿ. ಮುಂದ ಇಡ್ತಾರೋ ತಗೀತಾರೋ ಗೊತ್ತಿಲ್ಲ. ಆ ಹುಡುಗಿ ಅರ್ಜಿ ಹುಡುಕಿ ಡಾಕ್ಟರ್ ಮೇಜಿನ ಮ್ಯಾಲ ಇಟ್ಟು ಬಂದೆ. ಆಕಿಗೆ ಇಷ್ಟರಾಗ ಬೇರೆ ಕಡಿ ಕೆಲಸ ಸಿಕ್ಕದಂತ.

ಊಟ ಸೇರವಲ್ದು ಶಿವಿ. ಬಾಗಲ ತಗದಾಗ ಮೊದಲ ಮಾತು ಏನ್ ಆಡ್ಲಿ? ಅವರು ಹೊರಗ ಹೋಗಂದ್ರ? ಮಗಳು ಇದ್ರ? ನೀ ಒಮ್ಮೆ ಹೋಗಿ ಬಂದಾಕಿ, ಹೇಳು. ಹ್ಯಾಂಗ ಕೂಡಬೇಕು, ಏನ್ ಮೊದಲು ಹೇಳಬೇಕು?

ನಿಶಾತ


ವಿಜಯಪುರ
4 ಸೆಪ್ಟೆಂಬರ್ 2024

ಶಿವಿ,

ಭಾನುವಾರ ನೀ ಕೊರಗಪ್ಪ ಅವರ ಬಿಲ್ಡಿಂಗಿನ ಕೆಳಗ ನಿಂತಿದ್ದಿ. ಇಳದು ಬಂದಾಗ ಏನಂದ್ರು ಅಂತ ಕೇಳಿದಿ. ಊರಿಗೆ ಹೋಗಿ ಬರೀತೀನಿ ಅಂದು ಸ್ಟೇಷನ್ ಕಡಿ ನಡದೆ. ರೈಲು ಹೊಂಟಾಗ ಕಿಟಕಿಯಾಗ ನನ್ನ ಕೈ ಹಿಡದಿದ್ದಿ. ಸಿಟ್ಟು ಇನ್ನಾ ಇತ್ತು ನಿನ್ನ ಕೈಯಾಗ, ತಿಳೀತು. ಆದ್ರೂ ಹಿಡದಿದ್ದಿ.

ಅವರು ಎಲ್ಲಾ ಕೇಳಿದ್ರು. ಫೋನ್ ಬಂದದ್ದು, ಚೀಟಿ ಮೊದಲೇ ಹಚ್ಚಿದ್ದು, ಬಾಗಲ ಹಿಂದೆ ನಿಂತದ್ದು. ಮಗಳು ಅಡಗಿ ಮನಿಯೊಳಗಿಂದ ಬಂದು ನನ್ನ ಮುಂದ ನಿಂತು, "ನಿಮ್ಮ ಮದುವೆ ಚೆನ್ನಾಗಿ ಆಯ್ತಾ?" ಅಂತ ಕೇಳಿ ಮತ್ತ ಒಳಗ ಹೋದಳು. ಆ ಮಾತು ನಾ ಸಾಯೋ ತನಕ ಮರಿಯಂಗಿಲ್ಲ.

ಕೊರಗಪ್ಪ ಅವರು ಬೈಯಲಿಲ್ಲ. ಮಾಫ್ ಮಾಡೀನಿ ಅಂತನೂ ಅನಲಿಲ್ಲ. ಅವರು ಕೇಳಿದ್ದು ಒಂದೇ. "ನನ್ನ ರಕ್ತ ಇನ್ನೊಬ್ಬರ ಹೆಸರಿಗೆ ಹೋಯ್ತು ಅಂದ್ರೆ, ಅವರಿಗೆ ಎಂತ ಆಯ್ತು?"

ತಿಳಕೊಂಡು ಹೇಳ್ತೀನಿ ಅಂದೆ, ಶಿವಿ. ಆ ಇನ್ನೊಂದು ಟ್ಯೂಬು ಯಾರದಂತ ನನಗ ಗೊತ್ತು. ಆ ಹೆಸರು ಮನಸಿನಾಗ ಬರಾಕ ನಾ ಬಿಟ್ಟೇ ಇರಲಿಲ್ಲ. ಸಯನ್ ಸ್ಟೇಷನ್ ಹೊರಗ ಕಾಯಿಪಲ್ಲೆ ಮಾರ್ತಿದ್ದ ಭಾಗವ್ವ, ಎದಿ ಆಪರೇಶನ್ ಆದಾಕಿ. ಆಕಿ ರಕ್ತ ತೆಳು ಇರಲಿಲ್ಲ, ಗಟ್ಟಿ ಆಗಿತ್ತು. ನಾವು ಎಲ್ಲಾ ಸರಿ ಅದ ಅಂತ ಬರದು ಕಳಿಸೀವಿ. ಗುಳಿಗಿ ಹೆಚ್ಚು ಮಾಡದಿದ್ರ ರಕ್ತ ಹೆಪ್ಪುಗಟ್ಟಿ ಆಕಿ ಜೀವಾ ಹೋಗಿರಬಹುದು, ನಿನಗ ಬಿಡಿಸಿ ಹೇಳೋದು ಬ್ಯಾಡ.

ನೀ ಅಲ್ಲಿ ಇದ್ದೀ. ಹೋಗಿ ನೋಡ್ತೀಯೇನು? ನನಗ ಕೇಳಾಕೂ ಬಾಯಿಲ್ಲ.

ನಿಶಾತ


ಮಲಾಡ್
15 ಸೆಪ್ಟೆಂಬರ್ 2024

ನಿಶಾತ,

ಭಾಗವ್ವ ಬದುಕ್ಯಾಳ. ಮೊದಲ ಇದನ್ನ ಓದು, ಆಮ್ಯಾಲ ಕೂತು ಉಳದದ್ದು ಓದು.

ಎರಡು ಸಲ ಹೋದಾಗ ಆಕಿ ಜಾಗಾದಾಗ ಬ್ಯಾರೆ ಯಾರೋ ಕೂತಿದ್ರು. ಕೇಳಾಕ ಧೈರ್ಯ ಸಾಲದ ಹೊಳ್ಳಿ ಬಂದೆ. ಇವತ್ತು ಮೂರನೇ ಸಲ. ಬಾಜೂದಾಕಿಗೆ ಕೇಳಿದೆ. "ಭಾಗವ್ವೇನು? ಬ್ರಿಜ್ ಆ ಕಡಿ ಹೋಗ್ಯಾಳ, ಅಲ್ಲಿ ಗಿರಾಕಿ ಜಾಸ್ತಿ" ಅಂದಳು.

ಮೆಂತೆ ಸೂಡು ಕಟ್ತಾ ಕೂತಿದ್ದಳು. ನಾ ಬಾಜೂಕ ಕುಕ್ಕರಗಾಲಿಲೆ ಕೂತು ಎಲ್ಲಾ ಹೇಳಿದೆ. ಆಕಿ ಕೈ ನಿಲ್ಲಿಸದೇ ಕೇಳಿದಳು. ಆಕಿಗೆ ಲ್ಯಾಬಿನ ಹೆಸರೂ ನೆನಪಿಲ್ಲ. ಆ ದಿನದ ರಿಪೋರ್ಟ್ ಮಾತ್ರ ನೆನಪದ. ಅದಕ್ಕ ಹತ್ತು ದಿನ ಮೊದಲು ಊರಿಗೆ ಹೋಗಿದ್ದಳಂತ, ಗುಳಿಗಿ ಒಯ್ಯೋದು ಮರತಿದ್ದಳಂತ. ರಿಪೋರ್ಟ್ ತನ್ನ ಆಸ್ಪತ್ರಿಗೆ ಒಯ್ದು ತೋರ್ಸಿದಾಗ ಅಲ್ಲಿನ ನರ್ಸಬಾಯಿ ನೋಡಿ, "ಹತ್ತು ದಿನ ಗುಳಿಗಿ ನುಂಗದಾಕಿದು ಇಷ್ಟು ಚಂದ ಬರ್ತದೇನು? ಇದು ನಿಂದಲ್ಲ" ಅಂತ ಹೇಳಿ ಅಲ್ಲೇ ಮತ್ತ ರಕ್ತ ತಗದಳಂತ. ಅವತ್ತೇ ಸೂಜಿ ಮಾಡಿ ಎರಡು ದಿನ ಇಟ್ಟುಕೊಂಡ್ರಂತ.

ಯಾರಂತ ಗೊತ್ತಿಲ್ಲ ಆ ನರ್ಸಬಾಯಿ. ಆಕಿ ಮುಂದೂ ಲೈನ್ ಇದ್ದಿರಬೇಕು.

ನಾ ಅಲ್ಲಿಂದ ಎದ್ದು ಸೀದಾ ಕೊರಗಪ್ಪ ಅವರ ಮನಿಗೆ ಹೋಗಿ ಹೇಳಿದೆ. "ಹೌದಾ? ಬದುಕಿದ್ದಾರಾ?" ಅಂತ ಎರಡು ಸಲ ಕೇಳಿದ್ರು. ಒಳಗ ಕೂಗಿ ಮಗಳಿಗೂ ಹೇಳಿದ್ರು. ಮಗಳು ಹೊರಗ ಬರಲಿಲ್ಲ, ಆದ್ರ ಚಹಾ ಕಳಿಸಿದಳು. ಮುಂದಿನ ಸಲ ಬಂದಾಗ ನೀನೂ ಹೋಗು, ಬಿಡಬ್ಯಾಡ.

ನಿಮ್ಮ ಆಸ್ಪತ್ರಿಯವರು ಏನ್ ತೀರ್ಮಾನ ಮಾಡಿದ್ರು, ಬರಿ. ಅಲ್ಲಿ ಬ್ಯಾಡಂದ್ರ ಬ್ಯಾರೆ ಕಡಿ ಅರ್ಜಿ ಹಾಕು. ಮೂರು ವರ್ಷದ ಹಿಂದೆ ಏನಾತು ಅಂತ ಕೇಳಿದ್ರ ನನಗ ಹೇಳಿದ್ಹಂಗನ ಅವರಿಗೂ ಹೇಳು. ಅಂಜಿಕಿ ಹೋಗಂಗಿಲ್ಲ, ನಂದೂ ಹೋಗಿಲ್ಲ. ನಾಳೆ ಮುಂಜಾನೆ ಏಳಕ್ಕ ಡ್ಯೂಟಿ, ಕಿಟಕಿ ತಗಿಯೋ ಮೊದಲ ಈಗಲೂ ನನ್ನ ಕೈ ಬೆವರ್ತಾವ. ಒರಸಿಕೊಂಡು ತಗೀತೀನಿ.

ನಿನ್ನ
ಶಿವಿ